ಯಾರೂ ಎತ್ತಿಕೊಳ್ಳದ ಹಾಳೆಗಳು

ಮೊದಲ ಕವರಿನಲ್ಲಿ ಖಾಲಿ ಹಾಳೆ ಇತ್ತು.

ಹಲ್ಲಿನ ಡಾಕ್ಟರು ನಕ್ಕರು. ಯಾರೋ ಮರೆತು ಹಾಕಿರಬೇಕು ಎಂದರು. ಎರಡನೆಯದನ್ನು ಸೀಳಿದರು. ಅದರಲ್ಲೂ ಹಾಳೆ. ಮೂರನೆಯದರಲ್ಲೂ ಹಾಳೆ. ಹತ್ತು ಕವರು ಮುಗಿಯುವ ಹೊತ್ತಿಗೆ ಅವರ ನಗು ನಿಂತಿತ್ತು. ಶಾಲೆಯ ಸಭಾಂಗಣದಲ್ಲಿ ಕೂತಿದ್ದ ಪೋಷಕರ ಕುರ್ಚಿಗಳು ಕಿರುಗುಟ್ಟತೊಡಗಿದವು.

ಐವತ್ತು ಚಿಲ್ಲರೆ ಕವರು. ಒಂದರಲ್ಲೂ ನೋಟಿಲ್ಲ.

ಅದು ಪೋಷಕರ ಸಂಘದ ಈ ವರ್ಷದ ನಿಧಿ. ಹಲ್ಲಿನ ಡಾಕ್ಟರು ಸಂಘದ ಅಧ್ಯಕ್ಷರು. ನಿಧಿ ಎತ್ತಿದ್ದು ಇದೇ ಸಭಾಂಗಣದ ಸೂರಿಗೆ. ಸೂರು ಎಂದರೆ ಸದ್ಯಕ್ಕೆ ಒಂದು ದೊಡ್ಡ ತೂತು, ಅದರ ಮೇಲೊಂದು ನೀಲಿ ಟಾರ್ಪಾಲು. ಗಾಳಿ ಬಂದಾಗಲೆಲ್ಲ ಅದು ಪಟಪಟ ಬಡಿದುಕೊಳ್ಳುತ್ತದೆ, ಕೂತವರನ್ನು ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲ. ಹೋದ ವರ್ಷ ನಿಧಿ ಎತ್ತಿದ್ದೂ ಇದೇ ಸೂರಿಗೇ. ಆಗ ಟಾರ್ಪಾಲು ಹೊಸದಾಗಿತ್ತು, ಅಷ್ಟೇ ವ್ಯತ್ಯಾಸ.

ಸಂಘದ ಪದ್ಧತಿ ಒಳ್ಳೆಯ ಮನಸ್ಸಿನಿಂದ ಹುಟ್ಟಿದ್ದು. ಎಲ್ಲ ಮನೆಗೂ ಒಂದೇ ಥರದ ಕವರು. ಮೇಲೆ ಹೆಸರಿಲ್ಲ. ಎಲ್ಲರೂ ಸಾಲಾಗಿ ಬಂದು, ಎಲ್ಲರ ಎದುರಿಗೇ ಮರದ ಪೆಟ್ಟಿಗೆಗೆ ಹಾಕಬೇಕು. ಒಳಗೆ ಎಷ್ಟಿದೆ ಎಂದು ಯಾರೂ ಕೇಳಕೂಡದು. ನೋಟು ಮಾತ್ರ, ಹೆಸರು ತೋರಿಸುವ ಯಾವುದೂ ಬೇಡ. ಇಲ್ಲದವರಿಗೆ ಮುಜುಗರ ಆಗಬಾರದಲ್ಲ, ಅದಕ್ಕೆ.

"ಅಯ್ಯೋ, ನಂದೂ ಹೋಯ್ತಾ?" ಮೊದಲ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಎದೆ ಹಿಡಿದುಕೊಂಡರು. ತಾಯಿಯಿಲ್ಲದ ಮೊಮ್ಮಗಳನ್ನು ಸಾಕುತ್ತಿರುವ ಅಜ್ಜಿ.

ಡಾಕ್ಟರು ವೇದಿಕೆಯಿಂದ ಇಳಿದು ಬಂದರು. ಅಜ್ಜಿಯ ಕೈ ಹಿಡಿದುಕೊಂಡರು. "ಹೆದರ್ಬೇಡಿ ಅಜ್ಜಿ. ಬ್ಯಾಂಕಿಗೊಂದು ಫೋನ್ ಮಾಡ್ಬಿಡಿ. ನಿಮ್ಮದಕ್ಕೆ ಏನೂ ಆಗಲ್ಲ."

ಆ ಹೊತ್ತಿಗೆ ಎಲ್ಲರ ಕತ್ತೂ ಒಂದೇ ಕಡೆ ತಿರುಗಿತ್ತು. ಬಾಗಿಲ ಬಳಿ ನಿಂತಿದ್ದ ಲೈಬ್ರೆರಿಯನ್ ಕಡೆಗೆ. ಮಕ್ಕಳ ಬಾಯಲ್ಲಿ ಆಕೆ ಪುಸ್ತಕದ ಮಿಸ್. ಕವರು ಹಾಕಿದ ದಿನದಿಂದ ಪೆಟ್ಟಿಗೆ ವಾರವಿಡೀ ಇದ್ದದ್ದು ಆಕೆಯ ಲೈಬ್ರೆರಿಯ ಕಪಾಟಿನಲ್ಲಿ. ಪೆಟ್ಟಿಗೆಯ ಬೀಗ ಮುರಿದಿರಲಿಲ್ಲ. ಬೀಗದ ಕೈ ಆಕೆಯ ಗೊಂಚಲಲ್ಲೇ ಇತ್ತು.

ಪ್ರಿನ್ಸಿಪಾಲರು ಆಕೆಯನ್ನು ಮೂಲೆಗೆ ಕರೆದರು. ದನಿ ತಗ್ಗಿಸಿದರು. "ಪೊಲೀಸು ಗಿಲೀಸು ಬೇಡಮ್ಮ. ಶಾಲೆ ಮರ್ಯಾದೆ ಪ್ರಶ್ನೆ. ಸಂಜೆ ಬೆಲ್ ಹೊಡೆಯೋದ್ರೊಳಗೆ ಒಂದು ರಾಜೀನಾಮೆ ಬರ್ಕೊಟ್ಬಿಡಿ, ಗೌರವವಾಗಿ ಮುಗಿಸೋಣ."

"ನನ್ನ ಮಗಳು?"

ಪ್ರಿನ್ಸಿಪಾಲರು ಟೈ ಸರಿಮಾಡಿಕೊಂಡರು. ಶಾಲೆಯ ಸಿಬ್ಬಂದಿಯ ಮಕ್ಕಳಿಗೆ ಮಾತ್ರ ಫೀಸಿಲ್ಲ. ಕೆಲಸ ಹೋದರೆ ಸೀಟೂ ಹೋದಂತೆಯೇ. ಹುಡುಗಿ ಏಳನೇ ಕ್ಲಾಸಿನಲ್ಲಿದ್ದಳು. ಆ ಕ್ಷಣ ಮೇಲಿನ ಮಹಡಿಯಲ್ಲಿ ಭೂಗೋಳ ಓದುತ್ತಿದ್ದಳು.

ಡಾಕ್ಟರು ಹಾಳೆಗಳನ್ನು ಬಾಚಿ ಕಸದ ಚೀಲಕ್ಕೆ ತುಂಬಲು ಹೊರಟಿದ್ದರು.

"ಮುಟ್ಬೇಡಿ!" ಎಂದಳು ಪುಸ್ತಕದ ಮಿಸ್. ಲೈಬ್ರೆರಿಯಲ್ಲಿ ಯಾವತ್ತೂ ಏರದ ದನಿ ಅದು. ಎಲ್ಲರೆದುರಿಗೇ ಫೋನ್ ತೆಗೆದಳು. ಪೊಲೀಸರನ್ನು ಕರೆಸಿದ್ದು ಬೇರೆ ಯಾರೂ ಅಲ್ಲ, ಕಳ್ಳಿ ಅನ್ನಿಸಿಕೊಂಡವಳೇ.

* * *

ಇನ್‌ಸ್ಪೆಕ್ಟರ್ ನಲವತ್ತರ ಹೆಂಗಸು. ನಡಿಗೆ ಚುರುಕು, ಮಾತು ಅದಕ್ಕಿಂತ ಚುರುಕು. ಜೊತೆಗೊಬ್ಬ ಕಾನ್‌ಸ್ಟೇಬಲ್. ಬಂದವರೇ ಹಾಳೆಗಳನ್ನೂ ಕವರುಗಳನ್ನೂ ಒಂದಕ್ಕೊಂದು ಜೋಡಿ ತಪ್ಪದ ಹಾಗೆ ಲೈಬ್ರೆರಿಗೆ ಸಾಗಿಸಿದರು.

"ಬೀಗದ ಕೈ ಒಂದೇನಾ?"

"ಎರಡಿತ್ತು ಮೇಡಂ. ಇನ್ನೊಂದು ಅಧ್ಯಕ್ಷರ ಹತ್ರ. ಹೋದ ವರ್ಷವೇ ಕಳೆದುಹೋಯ್ತು ಅಂದ್ರು."

"ಲೈಬ್ರೆರಿಗೆ ಬೀಗ?"

"ಸಂಜೆ ಹಾಕ್ತೀನಿ. ಹಗಲೆಲ್ಲ ತೆರೆದೇ ಇರುತ್ತೆ. ಮಧ್ಯಾಹ್ನ ಅರ್ಧ ಗಂಟೆ ಊಟಕ್ಕೆ ಹೋಗ್ತೀನಿ."

"ಪೆಟ್ಟಿಗೆ ಮೇಲೆ ಕಣ್ಣಿಡೋಕೆ ಯಾರೂ ಇರಲಿಲ್ವಾ?"

"ಇದು ಶಾಲೆ ಮೇಡಂ. ಇಲ್ಲಿ ಎಲ್ಲರೂ ಎಲ್ಲರನ್ನೂ ನಂಬ್ತಿದ್ರು." ಆಕೆ ಒಂದು ಪುಸ್ತಕ ಎತ್ತಿದಳು, ಮತ್ತೆ ಅಲ್ಲೇ ಇಟ್ಟಳು. ಕೈಗೆ ಕೆಲಸ ಬೇಕಿತ್ತು. "ನನ್ನ ಮಗಳಿಗೆ ಇನ್ನೂ ವಿಷಯ ಗೊತ್ತಿಲ್ಲ. ಬೆಲ್ ಹೊಡೆದ ಮೇಲೆ ಗೊತ್ತಾಗುತ್ತೆ."

ಇನ್‌ಸ್ಪೆಕ್ಟರ್ ಗೋಡೆ ಗಡಿಯಾರ ನೋಡಿದರು. ಸಮಾಧಾನದ ಮಾತು ಆಡುವ ಅಭ್ಯಾಸ ಅವರಿಗಿರಲಿಲ್ಲ.

* * *

ಪೋಷಕರು ಯಾರೂ ಮನೆಗೆ ಹೋಗಿರಲಿಲ್ಲ. ಹೋಗುವಂತೆಯೂ ಇರಲಿಲ್ಲ, ಉಳಿಯುವಂತೆಯೂ ಇರಲಿಲ್ಲ. ಮುಳ್ಳಿನ ಮೇಲೆ ಕೂತವರ ಹಾಗೆ ವರಾಂಡದಲ್ಲಿ ಏಳುವುದು, ಕೂರುವುದು, ಫೋನ್ ನೋಡುವುದು. ಪೋಷಕರ ಫೋನ್ ಗುಂಪಿನಲ್ಲಿ ಒಂದು ಪದ ಆಗಲೇ ಓಡಾಡುತ್ತಿತ್ತು. ಕಳ್ಳಿ. ಬರೆದವನು ಒಬ್ಬ, ಹೆಬ್ಬೆರಳು ಎತ್ತಿದವರು ಹಲವರು.

ಇನ್‌ಸ್ಪೆಕ್ಟರ್ ಒಬ್ಬೊಬ್ಬರನ್ನೇ ಕೇಳುತ್ತ ಹೋದರು. "ನೀವು ಎಷ್ಟು ಹಾಕಿದ್ರಿ?"

"ಕೈಲಾದಷ್ಟು ಮೇಡಂ."

"ನೀವು?"

"ಕೈಲಾದಷ್ಟು."

"ನೀವು?"

"ಏನೋ, ಕೈಲಾದಷ್ಟು."

ಉತ್ತರವೂ ಒಂದೇ, ಉತ್ತರ ಕೊಟ್ಟಮೇಲೆ ನೋಡುವ ಜಾಗವೂ ಒಂದೇ. ಎಲ್ಲರೂ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ದುಡ್ಡು ಕಳಕೊಂಡವರಿಗೆ ಸಿಟ್ಟು ಬರುತ್ತದೆ. ಇವರಿಗೆ ನಾಚಿಕೆ ಬಂದ ಹಾಗಿತ್ತು. ಇನ್‌ಸ್ಪೆಕ್ಟರ್‌ಗೆ ಅದು ಹಿಡಿಸಲಿಲ್ಲ.

ಹಲ್ಲಿನ ಡಾಕ್ಟರು ತಾವಾಗಿಯೇ ಬಂದರು. ಒಳ್ಳೆಯ ಮನುಷ್ಯ. ಬಡ ಮಕ್ಕಳ ಹಲ್ಲಿಗೆ ದುಡ್ಡು ತೆಗೆದುಕೊಳ್ಳುವವರಲ್ಲ. ಎಲ್ಲರ ಕಷ್ಟಸುಖ ವಿಚಾರಿಸುವವರು.

"ಮೇಡಂ, ಆಕೆ ಪಾಪ, ಏನು ಕಷ್ಟ ಇತ್ತೋ ಏನೋ. ಕೇಸು ಬೇಡ. ನಮ್ಮಲ್ಲೇ ಹೊಟ್ಟೆಗೆ ಹಾಕ್ಕೊಳ್ತೀವಿ."

"ನೀವೆಷ್ಟು ಹಾಕಿದ್ರಿ ಡಾಕ್ಟ್ರೇ?"

"ನಾನಾ? ನೋಟಿನ ಕಟ್ಟೇ ಹಾಕಿದ್ದೆ. ಅಧ್ಯಕ್ಷ ಅಂದ್ಮೇಲೆ ಹಾಕ್ಬೇಕಲ್ಲ."

"ಹೋದ ವರ್ಷದ ದುಡ್ಡು ಎಲ್ಲಿ?"

ಡಾಕ್ಟರು ತಡವರಿಸಲಿಲ್ಲ. ಹಲ್ಲು ತೋರಿಸಿ ನಕ್ಕರು. "ಕಂಟ್ರಾಕ್ಟರಿಗೆ ಮುಂಗಡ ಕೊಟ್ಟಿದೆ. ಅವನು ಇವತ್ತು ನಾಳೆ ಅಂತಾನೇ ಇದಾನೆ. ಇದೇ ಪ್ರಶ್ನೆ ಕೇಳಿ ಗುಂಪಲ್ಲಿ ಗಲಾಟೆ ಎಬ್ಬಿಸಿದೋನು ಒಬ್ಬ ಇದಾನೆ. ಟ್ಯಾಕ್ಸಿ ಓಡಿಸ್ತಾನೆ. ಗುಂಪಿಂದ ತೆಗೆದುಹಾಕ್ಬೇಕಾಯ್ತು. ನಿನ್ನೆ ಸಂಜೆ ಲೈಬ್ರೆರಿ ಬಾಗಿಲಲ್ಲಿ ಸುಳಿದಾಡ್ತಿದ್ದ. ನಾನೇ ನೋಡಿದೆ. ಚಾಡಿ ಹೇಳ್ತಿಲ್ಲ, ಸುಮ್ನೆ ಹೇಳಿದೆ."

ಟ್ಯಾಕ್ಸಿಯವನು ಗೇಟಿನ ಹೊರಗೆ ಕಾರಿಗೆ ಒರಗಿ ನಿಂತಿದ್ದ. ಒಳಗೆ ಬನ್ನಿ ಎಂದು ಯಾರೂ ಕರೆದಿರಲಿಲ್ಲ.

"ನಿನ್ನೆ ಸಂಜೆ ಲೈಬ್ರೆರಿ ಹತ್ರ ಏನ್ ಮಾಡ್ತಿದ್ರಿ?"

"ಹೇಳಲ್ಲ."

"ಹೇಳದಿದ್ರೆ ನಿಮಗೇ ತೊಂದ್ರೆ."

"ಒಂದ್ಸಲ ಬಾಯಿ ಬಿಟ್ಟಿದ್ದಕ್ಕೆ ನನ್ನ ಮಗನ ಜೊತೆ ಆಡೋ ಹುಡುಗ್ರು ಕಮ್ಮಿಯಾದ್ರು ಮೇಡಂ. ಹುಟ್ಟಿದ ಹಬ್ಬಕ್ಕೆ ಕರೆಯೋದು ನಿಲ್ಲಿಸಿದ್ರು." ಅವನು ಬಾಗಿಲು ತೆರೆದ, ಮುಚ್ಚಿದ. "ಕೇಳಿದ್ದೇನು? ಸೂರು ಯಾವಾಗ ಅಂತ, ಅಷ್ಟೇ. ಎಲ್ಲರೂ ಗೇಟಲ್ಲಿ ಪಿಸುಪಿಸು ಅಂತಿದ್ದದ್ದನ್ನೇ ನಾನು ಗುಂಪಲ್ಲಿ ಬರೆದೆ. ಒಬ್ಬರೂ ಹೌದು ಅನ್ನಲಿಲ್ಲ. ಇಷ್ಟೂ ಜನಕ್ಕೆ ಬಾಯಿಗೆ ಬೀಗ."

ಅವನು ಕಾರೊಳಗೆ ಕೂತು ಗಾಜು ಏರಿಸಿಕೊಂಡ. ಠಾಣೆಗೆ ಕರೆದೊಯ್ಯೋಣವೇ ಎಂದು ಕಾನ್‌ಸ್ಟೇಬಲ್ ಕಣ್ಣಲ್ಲೇ ಕೇಳಿದ. ಇನ್‌ಸ್ಪೆಕ್ಟರ್ ಬೇಡವೆಂದು ತಲೆಯಾಡಿಸಿದರು.

* * *

ಲೈಬ್ರೆರಿಯ ಉದ್ದ ಮೇಜಿನ ಮೇಲೆ ಹಾಳೆಗಳನ್ನು ಹರಡಿದ್ದಾಯಿತು.

"ಇದರಲ್ಲಿ ಏನು ನೋಡೋದು ಮೇಡಂ? ಎಲ್ಲಾ ಖಾಲಿ," ಎಂದ ಕಾನ್‌ಸ್ಟೇಬಲ್.

"ನೀನು ಕಳ್ಳ ಅಂತ ಇಟ್ಕೋ. ದುಡ್ಡು ತೆಗೆದೆ. ಕವರು ತುಂಬಿಸಬೇಕು. ಕಾಗದ ಎಲ್ಲಿಂದ ತರ್ತೀಯ?"

"ಒಂದು ಕಟ್ಟು ತಂದು ಕತ್ತರಿಸ್ತೀನಿ."

"ಇಲ್ಲಿ ನೋಡು."

ಒಂದು ಲೆಕ್ಕದ ಪುಸ್ತಕದ ಚೌಕಳಿ ಹಾಳೆ. ಇನ್ನೊಂದು ಕ್ಯಾಲೆಂಡರಿನ ಹಿಂಬದಿ. ಮತ್ತೊಂದು ಬೇಕರಿಯಲ್ಲಿ ಬನ್ನು ಸುತ್ತುವ ಎಣ್ಣೆ ಕಾಗದ. ಮಗುವಿನ ಚಿತ್ರದ ಹಾಳೆ, ಅಂಚಿನಲ್ಲಿ ಅರ್ಧ ಬಾತುಕೋಳಿ. ನೋಟಿನ ಅಳತೆಗೆ ಶ್ರದ್ಧೆಯಿಂದ ಕತ್ತರಿಸಿದ ಪತ್ರಿಕೆಯ ತುಂಡುಗಳು. ಕವರುಗಳ ಬಾಯಿ ಮುಚ್ಚಿದ್ದೂ ನಾನಾ ಥರ. ಒಬ್ಬರು ಟೇಪು, ಒಬ್ಬರು ಪಿನ್ನು, ಒಬ್ಬರು ನಕ್ಷತ್ರದ ಸ್ಟಿಕ್ಕರು.

ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡ. "ಕಳ್ಳನಿಗೆ ಇಷ್ಟು ಪುರುಸೊತ್ತು ಇರುತ್ತಾ?"

"ಇರಲ್ಲ. ಆದ್ರೆ ಇವನ್ನೂ ನೋಡು." ಅವರು ಕೆಲವು ಹಾಳೆಗಳನ್ನು ಬೇರೆ ಎಳೆದರು. ಎಂಟು. ಎಲ್ಲ ಒಂದೇ ಬಿಳುಪು, ಒಂದೇ ದಪ್ಪ. ಆ ಎಂಟೂ ಕವರುಗಳಿಗೆ ಒಂದೇ ಥರದ ಗೋಂದು, ಒಂದೇ ಥರ ಬಳಿದದ್ದು. ಅಂಚಿಗೆ ಅಂಚು ಕೂಡಿಸಿದಾಗ ಎಂಟೂ ಸೇರಿ ಒಂದೇ ದೊಡ್ಡ ಹಾಳೆಯಾಯಿತು.

"ಮೇಡಂ! ಹಾಗಾದ್ರೆ ಕಳ್ಳ ಮುಟ್ಟಿದ್ದು ಇಷ್ಟನ್ನೇ. ಮಿಕ್ಕಿದ್ದು?"

ಇನ್‌ಸ್ಪೆಕ್ಟರ್ ಎದ್ದು ಕಿಟಕಿಗೆ ಹೋದರು. ಕೆಳಗೆ ವರಾಂಡದಲ್ಲಿ ಅಷ್ಟೂ ಜನ ಚಪ್ಪಲಿ ನೋಡಿಕೊಳ್ಳುತ್ತ ಅತ್ತಿಂದಿತ್ತ ಓಡಾಡುತ್ತಿದ್ದರು. "ಕೈಲಾದಷ್ಟು," ಎಂದರು ಇನ್‌ಸ್ಪೆಕ್ಟರ್. ಅವರಿಗೆ ನಗುವೂ ಬಂತು, ಸಿಟ್ಟೂ ಬಂತು.

* * *

ಮೆಟ್ಟಿಲ ಬಳಿ ಅಜ್ಜಿ ಫೋನ್ ಹಿಡಿದು ಒದ್ದಾಡುತ್ತಿದ್ದರು.

"ಮಗಾ, ಬ್ಯಾಂಕಿನೋರ್ಗೆ ಇದನ್ನ ಹೇಗೆ ಹೇಳೋದಮ್ಮ? ಒಂದನ್ನ ಒತ್ತು, ಎರಡನ್ನ ಒತ್ತು ಅಂತಾಳೆ ಯಾವಳೋ."

"ಏನಾಗ್ಬೇಕಿತ್ತು ಅಜ್ಜಿ?"

ಅಜ್ಜಿ ಅತ್ತಿತ್ತ ನೋಡಿದರು. "ಯಾರಿಗೂ ಹೇಳ್ಬೇಡ. ನಾನು ಚೆಕ್ಕು ಹಾಕಿದ್ದೆ. ಹಾಕಬಾರದಂತೆ, ಗೊತ್ತು. ನಮ್ಮೆಜಮಾನ್ರು ಇದ್ದಾಗಿಂದ ಯಾರಿಗೂ ಕೈಯಲ್ಲಿ ನೋಟು ಕೊಟ್ಟು ಅಭ್ಯಾಸ ಇಲ್ಲ ನಂಗೆ. ಈಗ ಅದನ್ನ ನಿಲ್ಲಿಸ್ಬೇಕು."

"ಬೇರೆ ಯಾರಿಗೆ ಹೇಳಿದ್ರಿ?"

"ಯಾರಿಗೆ ಹೇಳ್ಲಿ? ನಾಚಿಕೆ ಅಲ್ವಾ. ನಿಂಗೇ ಮೊದಲು ಹೇಳ್ತಿರೋದು. ಆ ಡಾಕ್ಟರಪ್ಪ ಮಾತ್ರ ದೇವರಂಥೋರು ಕಣಮ್ಮ. ನಾನು ಬಾಯಿ ಬಿಡೋ ಮುಂಚೆನೇ ನನ್ನ ಸಂಕಟ ಅರ್ಥ ಮಾಡ್ಕೊಂಡು ಬ್ಯಾಂಕಿಗೆ ಫೋನ್ ಮಾಡಿ ಅಂದ್ರು."

"ಹೌದಜ್ಜಿ," ಎಂದರು ಇನ್‌ಸ್ಪೆಕ್ಟರ್. ಫೋನ್ ತೆಗೆದುಕೊಂಡು ತಾವೇ ಬ್ಯಾಂಕಿಗೆ ಮಾತಾಡಿದರು. ಆಮೇಲೆ ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಲೈಬ್ರೆರಿಗೆ ಹೋದರು.

* * *

ಕೊನೆಯ ಬೆಲ್ಲಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಎಲ್ಲರೂ ಮತ್ತೆ ಸಭಾಂಗಣದಲ್ಲಿ ಸೇರಿದ್ದರು. ಪ್ರಿನ್ಸಿಪಾಲರ ಮುಂದೆ ಟೈಪು ಮಾಡಿದ ರಾಜೀನಾಮೆ ಇತ್ತು, ಸಹಿಯ ಜಾಗ ಖಾಲಿ. ಪುಸ್ತಕದ ಮಿಸ್ ನೇರವಾಗಿ ನಿಂತಿದ್ದಳು. ಮೇಲೆ ಟಾರ್ಪಾಲು ಬಡಿದುಕೊಳ್ಳುತ್ತಿತ್ತು. ಟ್ಯಾಕ್ಸಿಯವನನ್ನೂ ಒಳಗೆ ಕರೆಸಿದ್ದರು.

ಇನ್‌ಸ್ಪೆಕ್ಟರ್ ಅಷ್ಟೂ ಹಾಳೆಗಳನ್ನು ಮುಂದಿನ ಮೇಜಿನ ಮೇಲೆ ಹರಡಿದರು.

"ಎಲ್ಲರೂ ಬಂದು ನಿಮ್ಮನಿಮ್ಮದನ್ನ ಎತ್ಕೊಳ್ಳಿ," ಎಂದರು.

ಯಾರೂ ಅಲುಗಲಿಲ್ಲ.

"ಕವರಲ್ಲಿ ಖಾಲಿ ಹಾಳೆ ಹಾಕೋದು ಅಪರಾಧ ಅಲ್ಲ. ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ. ಆದ್ರೆ ನೀವು ಸುಮ್ಮನಿದ್ರೆ ಈಕೆ ಕೆಲಸ ಹೋಗುತ್ತೆ, ಮಗಳ ಓದೂ ಹೋಗುತ್ತೆ. ನಿಮ್ಮ ಕವರಲ್ಲಿ ಏನಿತ್ತು ಅಂತ ನಿಮಗೆ ಗೊತ್ತು. ಬೆಳಿಗ್ಗೆಯಿಂದ ಗೊತ್ತು."

ಕುರ್ಚಿಗಳು ಕಿರುಗುಟ್ಟಿದವು. ಯಾರೋ ಕೆಮ್ಮಿದರು. ಹೆಂಡತಿ ಗಂಡನ ಮುಖ ನೋಡಿದಳು, ಗಂಡ ಸೂರು ನೋಡಿದ.

ಮೊದಲು ಎದ್ದದ್ದು ಟ್ಯಾಕ್ಸಿಯವನು. ಮೇಜಿಗೆ ಬಂದು ಪೆಟ್ರೋಲ್ ಬಂಕಿನ ರಸೀದಿಯೊಂದನ್ನು ಎತ್ತಿ ಹಿಡಿದ. "ಇದು ನಂದು. ಸೂರು ಆಗೋವರೆಗೂ ಒಂದು ಪೈಸೆ ಕೊಡಲ್ಲ ಅಂತ ಹಾಕಿದೆ. ಆಮೇಲೆ ಮನಸ್ಸು ತಡೀಲಿಲ್ಲ. ಮಕ್ಕಳ ತಲೆ ಮೇಲಿನ ಸೂರಲ್ವಾ. ನಿನ್ನೆ ಸಂಜೆ ದುಡ್ಡು ಹಾಕೋಣ ಅಂತ ಹೋದೆ. ಬೀಗ ಹಾಕಿತ್ತು." ಅವನು ಪುಸ್ತಕದ ಮಿಸ್ ಕಡೆ ತಿರುಗಿದ. "ತಪ್ಪಾಯ್ತಕ್ಕ. ಬೆಳಿಗ್ಗೆನೇ ಹೇಳ್ಬೇಕಿತ್ತು."

ಬೇಕರಿಯ ಹೆಂಗಸು ಎದ್ದಳು. ಎಣ್ಣೆ ಕಾಗದ ಎತ್ತಿಕೊಂಡಳು. "ನಾನೊಬ್ಬಳೇ ಹೀಗೆ ಮಾಡಿದೀನಿ ಅಂದ್ಕೊಂಡಿದ್ದೆ," ಎಂದಳು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಚೌಕಳಿ ಹಾಳೆ, ಕ್ಯಾಲೆಂಡರು, ಬಾತುಕೋಳಿ. ಎಲ್ಲರೂ ತಾವೊಬ್ಬರೇ ಅಂದುಕೊಂಡವರು. ಪೆಟ್ಟಿಗೆಗೆ ಹಾಕುವಾಗ ನಿಂತ ಸಾಲಿಗಿಂತ ಈ ಸಾಲು ಉದ್ದವಾಗಿ ಕಂಡಿತು.

"ಈಗ ನಿಜವಾಗ್ಲೂ ದುಡ್ಡು ಹಾಕಿದೋರು ಕೈ ಎತ್ತಿ."

ಎಂಟು ಕೈ. ಒಂದು ಅಜ್ಜಿಯದು. ಒಂಬತ್ತನೆಯದಾಗಿ ಡಾಕ್ಟರೂ ಎತ್ತಿದರು.

"ಒಂಬತ್ತು ಜನ. ಮೇಜಿನ ಮೇಲೆ ಉಳಿದದ್ದೂ ಒಂಬತ್ತು ಹಾಳೆ. ಸರಿಯಾಗಿದೆ ಅಲ್ವಾ ಡಾಕ್ಟ್ರೇ?" ಇನ್‌ಸ್ಪೆಕ್ಟರ್ ಎಂಟನ್ನು ಕೂಡಿಸಿ ಒಂದು ದೊಡ್ಡ ಹಾಳೆ ಮಾಡಿ ತೋರಿಸಿದರು. "ದುಡ್ಡು ತೆಗೆದೋನು ಅದರ ಬದಲಿಗೆ ಇಟ್ಟಿದ್ದು ಈ ಎಂಟು. ಈ ಒಂಬತ್ತನೇದು ಬೇರೆ ಕಾಗದ, ಬೇರೆ ಮಡಿಕೆ. ಇದರ ಕವರಿನ ಗೋಂದೂ ಬೇರೆ. ಇದು ಹಾಕುವಾಗ್ಲೇ ಖಾಲಿ ಇತ್ತು. ನೋಟಿನ ಕಟ್ಟು ಹಾಕಿದೀನಿ ಅಂದ್ರಲ್ಲ, ನಿಮ್ಮದು ಇದೇ."

ಡಾಕ್ಟರ ಮುಖ ಹುಳ್ಳಗಾಯಿತು. "ಸರಿ, ನಾನೂ ಖಾಲಿ ಹಾಕ್ದೆ ಅಂತ್ಲೇ ಇಟ್ಕೊಳ್ಳಿ. ಎಲ್ಲರ ಹಾಗೆ. ಅದಕ್ಕೆ ಸೆಕ್ಷನ್ ಇಲ್ಲ ಅಂದ್ರಲ್ಲ."

"ಇಲ್ಲ. ಆದ್ರೆ ಅಜ್ಜಿಗೆ ಬ್ಯಾಂಕಿಗೆ ಫೋನ್ ಮಾಡಿ ಅಂದ್ರಿ. ಯಾಕೆ?"

"ಅದು... ದುಡ್ಡು ಹೋಯ್ತಲ್ಲ ಅಂತ..."

"ಕಳುವಾದ ನೋಟಿಗೆ ಬ್ಯಾಂಕಿನೋರು ಏನ್ ಮಾಡ್ತಾರೆ? ನಿಲ್ಲಿಸೋಕೆ ಆಗೋದು ಚೆಕ್ಕನ್ನ. ಅಜ್ಜಿ ಚೆಕ್ಕು ಹಾಕಿದ್ದು ಅಜ್ಜಿಗೆ ಗೊತ್ತು. ಆ ಕವರನ್ನ ತೆರೆದು ನೋಡಿದೋನಿಗೆ ಗೊತ್ತು. ಮೂರನೆಯೋರಿಗೆ ಗೊತ್ತಿರೋ ದಾರಿಯೇ ಇಲ್ಲ, ನಿಮ್ಮ ಪದ್ಧತಿಯೇ ಹಾಗಿದೆ. ಅಜ್ಜಿ ಹೆದರಿದ್ರು, ನಿಮಗೆ ಕರುಳು ಚುರುಕ್ ಅಂತು, ಬಾಯಿ ಜಾರ್ತು. ನೀವು ಕೆಟ್ಟೋರಲ್ಲ ಡಾಕ್ಟ್ರೇ. ಅದಕ್ಕೇ ಸಿಕ್ಕಿಬಿದ್ರಿ."

ಡಾಕ್ಟರು ಕುರ್ಚಿ ಎಳೆದು ಕೂತರು.

"ಎರಡನೇ ಬೀಗದ ಕೈ ಕಳೆದಿರಲಿಲ್ಲ. ಮಧ್ಯಾಹ್ನ ಈಕೆ ಊಟಕ್ಕೆ ಹೋದಾಗ ಕವರು ಚೀಲಕ್ಕೆ ಹಾಕ್ಕೊಂಡ್ರಿ, ಮಾರನೇ ದಿನ ಅದೇ ಹೊತ್ತಿಗೆ ವಾಪಸ್ ಇಟ್ರಿ. ನಿಮ್ಮ ಕ್ಲಿನಿಕ್ಕಲ್ಲಿ ಎಕ್ಸ್‌ರೇ ನೋಡೋ ಬೆಳಕಿನ ಹಲಗೆ ಇದೆ. ಅದರ ಮೇಲಿಟ್ರೆ ತೆಳು ಕವರಲ್ಲಿ ಏನಿದೆ ಅಂತ ಒಡೆಯದೇನೇ ಕಾಣುತ್ತೆ. ಎಷ್ಟು ಬಂದಿದೆ ಅಂತ ನೋಡೋ ಅವಸರ ನಿಮಗೆ. ಯಾಕೆ? ಹೋದ ವರ್ಷದ ತೂತು ಮುಚ್ಚಬೇಕಿತ್ತು."

"ಆ ದುಡ್ಡಲ್ಲಿ ಕ್ಲಿನಿಕ್ಕಿಗೆ ಹೊಸ ಕುರ್ಚಿ ತಂದೆ," ಎಂದರು ಡಾಕ್ಟರು, ಯಾರನ್ನೂ ನೋಡದೆ. "ವಾಪಸ್ ಹಾಕ್ತಿದ್ದೆ. ಆಣೆಗೂ ಹಾಕ್ತಿದ್ದೆ. ಕವರು ನೋಡಿದ್ರೆ... ಎಲ್ಲಾ ಖಾಲಿ. ಇವರಿಗೆಲ್ಲ ಗೊತ್ತಾಗಿದೆ ಅಂತ ಅನ್ನಿಸ್ತು."

"ಎಂಟರಲ್ಲಿ ದುಡ್ಡು, ಮಿಕ್ಕಿದ್ದು ಖಾಲಿ. ಹಾಗೇ ಪೆಟ್ಟಿಗೆ ತೆರೆದಿದ್ರೆ ಇಷ್ಟು ಜನ ಯಾಕೆ ಕೊಡಲಿಲ್ಲ ಅನ್ನೋ ಪ್ರಶ್ನೆ ಏಳ್ತಿತ್ತು. ಅದರ ಹಿಂದೇನೇ ಹೋದ ವರ್ಷದ ಪ್ರಶ್ನೆ. ಎಲ್ಲವೂ ಖಾಲಿ ಆಗ್ಬಿಟ್ರೆ? ಅದು ಕಳ್ಳತನ. ಕಳ್ಳತನ ಆದ್ರೆ ಕೇಳೋ ಪ್ರಶ್ನೆ ಒಂದೇ, ಬೀಗದ ಕೈ ಯಾರ ಹತ್ರ ಇತ್ತು ಅಂತ. ಹೋದ ವರ್ಷದ ಪ್ರಶ್ನೆ ಆ ಗದ್ದಲದಲ್ಲೇ ಮುಚ್ಚಿಹೋಗ್ತಿತ್ತು. ದುಡ್ಡೆಲ್ಲಿ?"

"ಮೇಜಿನ ಡ್ರಾಯರ್‌ನಲ್ಲಿ. ಅಜ್ಜಿ ಚೆಕ್ಕೂ ಅಲ್ಲೇ ಇದೆ. ಮುಟ್ಟಿಲ್ಲ."

ಕಾನ್‌ಸ್ಟೇಬಲ್ ಅವರ ಪಕ್ಕಕ್ಕೆ ಬಂದು ನಿಂತ.

ತಕ್ಷಣ ಎಲ್ಲರಿಗೂ ಜೀವ ಬಂತು. ಪೋಷಕರು ಪುಸ್ತಕದ ಮಿಸ್ ಸುತ್ತ ಮುಗಿಬಿದ್ದರು. ನಮಗೆ ಮೊದಲೇ ಗೊತ್ತಿತ್ತು, ನೀವು ಅಂಥೋರಲ್ಲ, ಎಂಥಾ ಅನ್ಯಾಯ. ಪ್ರಿನ್ಸಿಪಾಲರು ರಾಜೀನಾಮೆಯನ್ನು ಮಡಿಸಿ ಜೇಬಿಗೆ ಸೇರಿಸುವ ಆತುರದಲ್ಲಿದ್ದರು.

"ನಿಲ್ಲಿ," ಎಂದಳು ಆಕೆ.

ನಿಂತರು.

"ಕದ್ದೋನು ಒಬ್ಬ. ನನ್ನನ್ನ ಕಳ್ಳಿ ಮಾಡಿದ್ದು ನೀವೆಲ್ಲ. ಒಬ್ಬರು ಎದ್ದು ನನ್ನ ಕವರು ಖಾಲಿ ಇತ್ತು ಅಂದಿದ್ರೆ ಸಾಕಿತ್ತು. ಒಬ್ಬರು!" ಆಕೆ ಸಾಲುಸಾಲಾಗಿ ಎಲ್ಲರ ಮುಖ ನೋಡಿದಳು. "ನಾಳೆ ನನ್ನ ಮಗಳು ನಿಮ್ಮ ಮಕ್ಕಳ ಪಕ್ಕ ಕೂರ್ಬೇಕು. ಆ ಮಾತನ್ನ ಗುಂಪಲ್ಲಿ ಬರೆದ್ರಿ ಅಲ್ವಾ. ಅಲ್ಲೇ ಬರೀರಿ ಈಗ. ಹೆಸರು ಹಾಕಿ, ನಿಮ್ಮ ಕವರಲ್ಲಿ ಏನಿತ್ತು ಅಂತ ಬರೀರಿ. ಒಬ್ಬೊಬ್ಬರೂ. ನಾನು ಕಾಯ್ತೀನಿ."

ಫೋನುಗಳು ಹೊರಗೆ ಬಂದವು, ನಿಧಾನಕ್ಕೆ.

"ನಾನು ಗುಂಪಲ್ಲೇ ಇಲ್ವಲ್ಲಕ್ಕ," ಎಂದ ಟ್ಯಾಕ್ಸಿಯವನು.

ಇನ್‌ಸ್ಪೆಕ್ಟರ್ ಡಾಕ್ಟರ ಫೋನನ್ನು ಅವರ ಕೈಗೇ ಕೊಟ್ಟರು. "ಠಾಣೆಗೆ ಹೋಗೋ ಮುಂಚೆ ಇದೊಂದು ಕೆಲಸ ಮುಗಿಸಿ. ಇವರನ್ನ ಸೇರಿಸಿ."

ಡಾಕ್ಟರು ಸೇರಿಸಿದರು. ಮೊದಲ ಸಂದೇಶ ಟ್ಯಾಕ್ಸಿಯವನದೇ. ಎರಡನೆಯದು ಬೇಕರಿಯಿಂದ. ಆಮೇಲೆ ತಡವಾಯಿತು. ಕೆಲವರು ಬರೆದು ಅಳಿಸಿದರು, ಮತ್ತೆ ಬರೆದರು. ಕೊನೆಯ ಬೆಲ್ ಹೊಡೆಯಿತು, ಮೆಟ್ಟಿಲ ಮೇಲೆ ಮಕ್ಕಳ ಗದ್ದಲ ಇಳಿದು ಬಂತು. ಯಾರೂ ಬಾಗಿಲ ಕಡೆ ಹೋಗಲಿಲ್ಲ. ಪುಸ್ತಕದ ಮಿಸ್ ತನ್ನ ಫೋನ್ ಹಿಡಿದು, ಬಂದದ್ದನ್ನು ಬಂದ ಹಾಗೆ ಜೋರಾಗಿ ಓದುತ್ತ ನಿಂತಳು. ಮಗಳು ಬಂದು ಪಕ್ಕದಲ್ಲಿ ನಿಂತದ್ದು ಗೊತ್ತಾದರೂ ಓದು ನಿಲ್ಲಿಸಲಿಲ್ಲ.